ಏಲಕ್ಕಿ ಡಬ್ಬಿಯಲ್ಲಿದ್ದ ಐಪೀಸು

ನೀವು ನಮ್ಮ ಮನೆಗೆ ಚಹಾಕ್ಕೆ ಬಂದು, ನನ್ನನ್ನು ಕೂರಿಸಿ ನೀವೇ ಅಡುಗೆಮನೆಗೆ ಹೋಗುವಷ್ಟು ಸಲಿಗೆಯವರಾಗಿದ್ದರೆ ಒಂದು ಎಚ್ಚರಿಕೆ. ಒಲೆಯ ಮೇಲಿನ ಹಲಗೆಯಲ್ಲಿ ‘ಏಲಕ್ಕಿ’ ಎಂದು ಚೀಟಿ ಅಂಟಿಸಿರುವ ಸ್ಟೀಲ್ ಡಬ್ಬಿಯಲ್ಲಿ ಏಲಕ್ಕಿ ಇಲ್ಲ. ಮುಚ್ಚಳ ತೆಗೆದರೆ ಘಮ್ಮೆಂದು ವಾಸನೆ ಬರುತ್ತದೆ, ಅದು ನಿಜ. ಒಳಗಿರುವುದು ಮಾತ್ರ ಮಲ್ ಬಟ್ಟೆಯಲ್ಲಿ ಸುತ್ತಿಟ್ಟ, ಎರಡೂ ತುದಿಗೆ ಗಾಜಿರುವ ಒಂದು ಗಿಡ್ಡ ಕೊಳವೆ. ನಮ್ಮ ನಾದಿನಿ ಒಮ್ಮೆ ಅದನ್ನು ಬಿಚ್ಚಿ ನೋಡಿ, ಮಿಕ್ಸರಿನದೇ ಯಾವುದೋ ಭಾಗ ಇರಬೇಕೆಂದು ತೀರ್ಮಾನಿಸಿ ಮಿಕ್ಸರಿನ ಪಕ್ಕ ಇಟ್ಟುಹೋಗಿದ್ದಳು. ಅದು ದೂರದರ್ಶಕದ ಐಪೀಸು.

ದೂರದರ್ಶಕ ಅಂದರೆ ಎಲ್ಲರ ಕಣ್ಣೂ ಆ ಉದ್ದನೆಯ ಕೊಳವೆಯ ಮೇಲೆಯೇ. ಪಾಪ, ಅದರ ಕೆಲಸ ಬೆಳಕನ್ನು ಹಿಡಿದು ತರುವುದಷ್ಟೆ. ತಂದ ಬೆಳಕನ್ನು ಕಣ್ಣಿಗೆ ಬಡಿಸುವುದು ಐಪೀಸು. ಅಡುಗೆ ಎಷ್ಟೇ ರುಚಿಯಾಗಿರಲಿ, ಬಡಿಸುವವರು ಸರಿಯಿಲ್ಲದಿದ್ದರೆ ಊಟ ಕೆಟ್ಟಂತೆಯೇ. ಆದ್ದರಿಂದ ದೂರದರ್ಶಕ ಕೊಳ್ಳುವುದು ಒಂದು ಕೆಲಸವಾದರೆ, ಅದಕ್ಕೆ ತಕ್ಕ ಐಪೀಸು ಆರಿಸುವುದು ಇನ್ನೊಂದು ಕೆಲಸ. ಈ ಎರಡನೆಯದರಲ್ಲಿ ನನಗೆ ಯಾರೂ ಏನೂ ಹೇಳಿಕೊಡಬೇಕಾಗಿಲ್ಲ ಎಂದು ನಾನು ನಂಬಿದ್ದೆ.

ಯಾಕೆ ನಂಬಬಾರದು ಹೇಳಿ? ನನ್ನ ತವರಿನದು ಜವಳಿ ಅಂಗಡಿ, ಗಂಡನ ಮನೆಯದೂ ದಾವಣಗೆರೆಯ ಚೌಕಿಪೇಟೆಯಲ್ಲಿ ಜವಳಿ ಅಂಗಡಿ. ಹುಟ್ಟಿದಾಗಿನಿಂದ ಆರಿಸುವುದೇ ನಮ್ಮ ಕಸುಬು. ಸಂತೆಯಲ್ಲಿ ನಾನು ಬದನೆಕಾಯಿ ಆರಿಸುವಾಗ ಪಕ್ಕದವರು ಸುಮ್ಮನೆ ನಿಂತು ನೋಡುತ್ತಾರೆ. ನಾನು ಬಿಟ್ಟಿದ್ದನ್ನು ಅವರೂ ಮುಟ್ಟುವುದಿಲ್ಲ. ಕೆ.ಬಿ. ಬಡಾವಣೆಯ ನಮ್ಮ ಬೀದಿಯಲ್ಲಿ ಯಾರ ಮನೆಯ ಮದುವೆಯಾದರೂ ಸೀರೆ ತೆಗೆಯಲು ನನ್ನನ್ನು ಕರೆಯುತ್ತಾರೆ. ಗಂಡನ್ನು ಆರಿಸಲು ಕರೆಯುವುದಿಲ್ಲ, ಅದು ಅವರ ನಷ್ಟ. ‘ನಿನ್ನ ಗಂಡನನ್ನು ನೀನೇ ಆರಿಸಿದೆಯಲ್ಲ’ ಎಂದು ನಮ್ಮ ಮನೆಯವರು ಆಗಾಗ ನೆನಪಿಸುತ್ತಾರೆ. ಅದು ನನ್ನ ಪರವಾದ ಸಾಕ್ಷಿಯೋ ವಿರುದ್ಧವೋ ಎಂದು ಇಬ್ಬರೂ ಇನ್ನೂ ಇತ್ಯರ್ಥ ಮಾಡಿಕೊಂಡಿಲ್ಲ.

ಮದುವೆಯ ಬೆಳ್ಳಿಹಬ್ಬಕ್ಕೆ ಏನು ಬೇಕೆಂದು ಅವರು ಕೇಳಿದಾಗ ನಾನು ದೂರದರ್ಶಕ ಎಂದೆ. ಬಳೆ ಎಂಬ ಉತ್ತರಕ್ಕೆ ಮಾನಸಿಕವಾಗಿ ತಯಾರಾಗಿದ್ದ ಮನುಷ್ಯ ಏನೆಂದೆ ಎಂದು ಎರಡು ಸಲ ಕೇಳಿದರು. ಆಮೇಲೆ, ಬೀದಿಯವರಿಗೆ ಏನಂತ ಹೇಳುವುದು ಎಂದರು. ಆಕಾಶ ನೋಡುತ್ತಾಳೆ ಅಂತ ಹೇಳಿ, ಅದಕ್ಕೇನು ತೆರಿಗೆಯೇ ಎಂದೆ.

ತರಿಸುವಾಗಲೇ ಗೊತ್ತಾಯಿತು, ಕೊಳವೆಯ ಜೊತೆಗೆ ಎರಡು ಐಪೀಸು ಬರುತ್ತವೆ, ಒಂದರ ಮೇಲೆ ಇಪ್ಪತ್ತೈದು, ಇನ್ನೊಂದರ ಮೇಲೆ ಹತ್ತು ಎಂದು ಬರೆದಿರುತ್ತದೆ. ಬೇರೆ ಬೇಕಾದರೆ ನಾವೇ ಆರಿಸಿ ತರಿಸಿಕೊಳ್ಳಬೇಕು. ನಾನು ಪಟ್ಟಿಯ ಮೇಲೆ ಒಮ್ಮೆ ಕಣ್ಣಾಡಿಸಿ ನೇರವಾಗಿ ಎಲ್ಲಕ್ಕಿಂತ ದೊಡ್ಡ ಅಂಕಿಗೆ ಹೋದೆ. ನಲವತ್ತು.

ಇಲ್ಲಿ ನಮ್ಮ ಅಪ್ಪನ ವಿಷಯ ಸ್ವಲ್ಪ ಹೇಳಬೇಕು. ಅವರು ಪಂಚೆಯ ಅಂಚನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಒಮ್ಮೆ ತಿಕ್ಕಿ, ಕಣ್ಣು ಮುಚ್ಚಿ, ‘ಅರವತ್ತು’ ಎನ್ನುತ್ತಿದ್ದರು. ಇನ್ನೊಂದನ್ನು ತಿಕ್ಕಿ ‘ನೂರು’ ಎನ್ನುವಾಗ ದನಿ ತಾನಾಗಿ ಇಳಿಯುತ್ತಿತ್ತು, ದೇವರ ಮುಂದೆ ನಿಂತವರ ಹಾಗೆ. ಅದು ನೂಲಿನ ನಂಬರು. ನಂಬರು ಏರಿದಷ್ಟೂ ನೂಲು ನಯ, ಬಟ್ಟೆ ಮೇಲು, ಉಡುವವನ ಅಂತಸ್ತೂ ಮೇಲು. ಗಿರಣಿಗಳ ಸದ್ದು ಕೇಳಿ ಬೆಳೆದ ದಾವಣಗೆರೆಯಲ್ಲಿ ಈ ಪಾಠ ಯಾರಿಗೂ ಶಾಲೆಯಲ್ಲಿ ಹೇಳಿಕೊಡಬೇಕಾಗಿರಲಿಲ್ಲ. ಅಂಕಿ ದೊಡ್ಡದಾದರೆ ಮಾಲು ಒಳ್ಳೆಯದು. ಆ ಪಾಠದ ಬಲದ ಮೇಲೆ ನಾನು ನಲವತ್ತನ್ನು ತರಿಸಿದೆ. ಹತ್ತು ಯಾವುದೋ ಗೋಣಿತಾಟಿನ ದರ್ಜೆ ಇರಬೇಕು, ಪುಕ್ಕಟೆ ಕೊಟ್ಟಿದ್ದಾರೆ, ಇರಲಿ ಎಂದುಕೊಂಡೆ.

ಮೊದಲ ಸಂಜೆ ಮಾಳಿಗೆಯ ಮೇಲೆ ಚಂದ್ರನಿಗೆ ಗುರಿಯಿಟ್ಟು ನಲವತ್ತನ್ನು ಹಾಕಿದೆ. ಚಂದ್ರ ಅಚ್ಚುಕಟ್ಟಾಗಿ, ಪೂರ್ತಿಯಾಗಿ, ನಡುವೆ ಒಂದು ಮೂಸಂಬಿಯಷ್ಟು ಕಂಡ. ಚೆನ್ನಾಗಿದೆ ಅಂದೆ. ನಮ್ಮ ಮನೆಯವರು ಸುಮ್ಮನಿರಲಾರದೆ ಹತ್ತನ್ನು ಹಾಕಿ ನೋಡಿದರು. ಆಮೇಲೆ ಕಣ್ಣೇ ತೆಗೆಯಲಿಲ್ಲ. ನಾನು ಅವರನ್ನು ಸರಿಸಿ ನೋಡಿದರೆ ಚಂದ್ರ ಇಡೀ ಗಾಜು ತುಂಬಿ ಆಚೆಗೂ ಚಾಚಿದ್ದಾನೆ, ಗುಳಿಗಳ ಅಂಚಿನ ನೆರಳು ಸಹ ಬಿಡಿಬಿಡಿಯಾಗಿ ಕಾಣುತ್ತಿದೆ. ಈ ಕಸುಬಿನಲ್ಲಿ ಲೆಕ್ಕ ತಿರುವುಮುರುವು. ಕೊಳವೆಯ ನಾಭಿದೂರವನ್ನು, ಅಂದರೆ ಒಳಬಂದ ಬೆಳಕು ಒಂದು ಚುಕ್ಕಿಯಲ್ಲಿ ಕೂಡುವ ದೂರವನ್ನು, ಐಪೀಸಿನ ಅಂಕಿಯಿಂದ ಭಾಗಿಸಬೇಕು. ನನ್ನ ಕೊಳವೆಯದು ಸಾವಿರದ ಇನ್ನೂರು ಮಿಲಿಮೀಟರು. ಹತ್ತು ಹಾಕಿದರೆ ನೂರಿಪ್ಪತ್ತು ಪಟ್ಟು, ನಲವತ್ತು ಹಾಕಿದರೆ ಬರೀ ಮೂವತ್ತು. ಅಂಕಿ ದೊಡ್ಡದಾದಷ್ಟೂ ನೋಟ ಸಣ್ಣದು.

ವಾಪಸು ಕಳಿಸು ಎಂದು ಮನೆಯವರು ಹೇಳಿದರು. ಕಳಿಸಬಹುದಿತ್ತು. ಆದರೆ ನಮ್ಮ ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆ ‘ಒಮ್ಮೆ ಆರಿಸಿದ ಬಟ್ಟೆಯನ್ನು ವಾಪಸು ತೆಗೆದುಕೊಳ್ಳುವುದಿಲ್ಲ’ ಎಂದು ದಪ್ಪ ಅಕ್ಷರದ ಬೋರ್ಡಿದೆ. ಅದನ್ನು ಬರೆಸಿದವಳು ನಾನೇ. ದಿನ ಬೆಳಗಾದರೆ ಆ ಬೋರ್ಡಿನ ಕಡೆ ಕೈ ತೋರಿಸಿ, ‘ಆರಿಸೋವಾಗ ನೋಡ್ಕಬೇಕಿತ್ತರಿ’ ಎಂದು ಎಷ್ಟು ಜನರನ್ನು ಸಾಗಹಾಕಿದ್ದೇನೆ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಎಂದು ಆಡಿಕೊಳ್ಳಲು ಮನೆಯಲ್ಲೇ ಒಬ್ಬರು ತಯಾರಾಗಿ ನಿಂತಿರುವಾಗ ನಾನು ಕಳಿಸುವುದುಂಟೆ? ಮಳೆಗಾಲದಲ್ಲಿ ಗಾಜಿಗೆ ಬೂಷ್ಟು ಹಿಡಿಯದಿರಲೆಂದು ಮುಚ್ಚಳ ಬಿಗಿಯಾಗಿದ್ದ ಏಲಕ್ಕಿ ಡಬ್ಬಿ ಖಾಲಿ ಮಾಡಿ ನಲವತ್ತನ್ನು ಅದರಲ್ಲಿ ಹಾಕಿದೆ. ಮರೆತೂ ಬಿಟ್ಟೆ.

ಮನುಷ್ಯರ ಸ್ವಭಾವ ನೋಡಿ, ಒಂದು ಕಡೆ ಎಡವಿದವರು ಇನ್ನೊಂದು ಕಡೆಗೆ ಪೂರ್ತಿ ವಾಲುತ್ತಾರೆ. ಅಂಕಿ ಸಣ್ಣದಾದರೆ ಒಳ್ಳೆಯದು ತಾನೆ ಎಂದು ನಾಲ್ಕರ ಐಪೀಸು ತರಿಸಿದೆ. ಮುನ್ನೂರು ಪಟ್ಟು. ಅದರ ಕಿಂಡಿ ಮೂಗುಬೊಟ್ಟಿನ ಹರಳಿನಷ್ಟು. ಅದರೊಳಗೆ ಗುರುಗ್ರಹ ಹಾಲು ಕಾಯಿಸುವಾಗಿನ ಕೆನೆಯ ಹಾಗೆ ನಡುಗುತ್ತಾ ಬಂದು, ಯಾವುದು ಮೇಲೆ ಯಾವುದು ಕೆಳಗೆ ಎಂದು ತಿಳಿಯುವ ಮೊದಲೇ ಆಚೆ ಜಾರಿಹೋಗುತ್ತಿತ್ತು. ಬೀದಿದೀಪಗಳದೇ ತಪ್ಪು ಎಂದು ತೀರ್ಪುಕೊಟ್ಟು, ಒಂದು ಸಂಜೆ ಹದಡಿಯಲ್ಲಿ ಮನೆಯವರ ಗೆಳೆಯರೊಬ್ಬರ ಹೊಲಕ್ಕೆ ಕೊಳವೆ ಹೊತ್ತುಕೊಂಡು ಹೋದೆವು. ಪಕ್ಕದ ಹೊಲದ ಯಜಮಾನರು ಬದುವಿನ ಮೇಲೆ ನಿಂತು ಬಹಳ ಹೊತ್ತು ನೋಡಿದರು. ಬೋರು ಕೊರೆಸಲು ಜಾಗ ಹುಡುಕುವವರು ಬಂದಿದ್ದಾರೆಂದು ಅವರ ಎಣಿಕೆ. ಕೊನೆಗೆ ತಡೆಯಲಾರದೆ ಹತ್ತಿರ ಬಂದು, ‘ನೀರು ಕೆಳಗಿರತೈತೆ, ನೀವು ಮೇಲಕ್ಕೆ ನೋಡ್ತೀರಲ್ರಿ’ ಎಂದರು. ನಾಲ್ಕರ ಐಪೀಸಿನ ಬಗ್ಗೆ ನಾನು ಕೇಳಿದ ಅತ್ಯುತ್ತಮ ವಿಮರ್ಶೆ ಅದು, ಅವರು ಬೇರೆ ಏನನ್ನೋ ಕುರಿತು ಹೇಳಿದ್ದರೂ.

ಇಷ್ಟೆಲ್ಲ ಪಾಡು ಯಾಕೆ ಎಂದು ನೀವು ಕೇಳಬಹುದು. ಬೀದಿಯವರಿಗೆ ನಾನು ಹೇಳದ ಕಾರಣ ಒಂದಿತ್ತು. ಅದು ಹರಿಹರದಲ್ಲಿರುವ ನಮ್ಮ ಗಿರಿಜತ್ತೆ, ಅಪ್ಪನ ಅಕ್ಕ.

ನಾನು ಚಿಕ್ಕವಳಿದ್ದಾಗ ಪರೀಕ್ಷೆ ಮುಗಿದ ಕೂಡಲೇ ಹರಿಹರಕ್ಕೆ ಓಡುತ್ತಿದ್ದೆ. ಅತ್ತೆಯ ಮನೆಯ ಮಾಳಿಗೆಯ ಮೇಲೆ ಹಳೆಯ ಸೀರೆ ಹಾಸಿ ಸಂಡಿಗೆ ಇಟ್ಟಿರುತ್ತಿದ್ದರು. ಅರ್ಧ ಒಣಗಿದ ಸಂಡಿಗೆಯ ರುಚಿ ಬಲ್ಲವರೇ ಬಲ್ಲರು. ಅದು ಅತ್ತೆಗೂ ಗೊತ್ತಿದ್ದುದರಿಂದ ಬೆಳಿಗ್ಗೆ ಇಟ್ಟಾಗ ಒಮ್ಮೆ, ಸಂಜೆ ತೆಗೆಯುವಾಗ ಒಮ್ಮೆ ಎಣಿಸುತ್ತಿದ್ದರು. ನಾನು ಬೇಕೆಂದೇ ನಡುವೆ ಬಾಯಿ ಹಾಕಿದರೆ, ತಲೆ ಎತ್ತದೆ, ಬೆರಳನ್ನು ಸಂಡಿಗೆಯ ಮೇಲೆಯೇ ಇಟ್ಟುಕೊಂಡು, ‘ಮಾತಾಡಿಸಬ್ಯಾಡ, ಲೆಕ್ಕ ತಪ್ಪತೈತೆ’ ಎನ್ನುವರು. ಲೆಕ್ಕ ಮುಗಿಯುವಷ್ಟರಲ್ಲಿ ಕತ್ತಲಾಗುತ್ತಿತ್ತು, ಪಡುವಣದಲ್ಲಿ ಕೃತ್ತಿಕೆ ನಕ್ಷತ್ರಗಳ ಗೊಂಚಲು ಕಾಣುತ್ತಿತ್ತು. ಆಗ ಎರಡನೆಯ ಎಣಿಕೆ ಶುರು. ಬಂದ ಮಕ್ಕಳನ್ನೆಲ್ಲ ಸಾಲಾಗಿ ನಿಲ್ಲಿಸಿ, ಎಷ್ಟು ಕಾಣುತ್ತವೆ ಎಂದು ಕೇಳುವರು. ಆರು ಎಂದವರು ಪಾಸು. ಅತ್ತೆಗೆ ಮಾತ್ರ ಆಕಾಶ ಶುಭ್ರವಾಗಿದ್ದ ದಿನ ಏಳು ಕಾಣುತ್ತಿತ್ತು, ಅದರ ಜಂಬವೂ ಇತ್ತು.

ನನ್ನ ಸರದಿ ಬಂದಾಗ ನಾನು ಒಂದು ಎಂದೆ. ಸ್ಲೇಟಿನ ಮೇಲೆ ಒರೆಸಿದ ಬಳಪದ ಗುರುತಿನ ಹಾಗೆ ಬೆಳ್ಳಗೆ ಏನೋ ಒಂದಿತ್ತು, ಅಷ್ಟೆ. ಉಳಿದ ಮಕ್ಕಳು ನಕ್ಕರು. ಅತ್ತೆ ನಗಲಿಲ್ಲ. ಮಾರನೆಯ ದಿನವೇ ನನ್ನನ್ನು ಬಸ್ಸಿನಲ್ಲಿ ದಾವಣಗೆರೆಗೆ ಕರೆತಂದು ಕಣ್ಣಿನ ಡಾಕ್ಟರಿಗೆ ತೋರಿಸಿ, ಆಮೇಲೆ ಅಂಗಡಿಗೆ ಬಂದು ಅಪ್ಪನಿಗೆ ವಿಷಯ ಹೇಳಿದರು. ಹೆಣ್ಣು ಮಗುವಿಗೆ ಈಗಲೇ ಕನ್ನಡಕ ಹಾಕಿಸಿದರೆ ಮುಂದೆ ಗಂಡು ಸಿಗುವುದು ಹೇಗೆ ಎಂದು ಅಪ್ಪ ಗೊಣಗಿದರು.

‘ಗಂಡು ಹುಡುಕೋದು ನಿನ್ನ ಕೆಲಸ. ದಾರಿ ನೋಡಿ ನಡೆಯೋದು ಅವಳ ಕೆಲಸ. ಅವಳ ಕೆಲಸಕ್ಕೆ ನೀ ಅಡ್ಡ ಬರಬ್ಯಾಡ’ ಎಂದರು ಅತ್ತೆ. ತಮ್ಮ ಎಷ್ಟು ದೊಡ್ಡ ವ್ಯಾಪಾರಿಯಾದರೂ ಅಕ್ಕನ ಮುಂದೆ ತಮ್ಮನೇ. ಕನ್ನಡಕ ಬಂತು. ಅದನ್ನು ಹಾಕಿಕೊಂಡು ಹರಿಹರದ ಮಾಳಿಗೆಯ ಮೇಲೆ ನಿಂತ ಸಂಜೆ ಆ ಬಳಪದ ಗುರುತು ಒಡೆದು ಆರು ಚುಕ್ಕಿಯಾಯಿತು. ನನಗೆ ಅಳು ಬಂತು, ಯಾಕೆಂದು ಆಗ ತಿಳಿಯಲಿಲ್ಲ. ಈಗ ತಿಳಿಯುತ್ತದೆ. ಇಷ್ಟು ದಿನ ಇವೆಲ್ಲ ಇದ್ದವು, ನನಗೊಬ್ಬಳಿಗೆ ಇರಲಿಲ್ಲ.

ಈಗ ಅತ್ತೆಗೆ ಎಂಬತ್ತರ ಮೇಲೆ. ಮಗ ಸೊಸೆಯೊಂದಿಗೆ ಅದೇ ಮನೆಯಲ್ಲಿದ್ದಾರೆ. ಬಲಗಣ್ಣಿನ ನೋಟ ಹೋಗಿ ವರ್ಷಗಳಾದವು. ಎಡಗಣ್ಣಿಗೆ ಪೊರೆಯ ಆಪರೇಷನ್ ಆಗಿ ದಪ್ಪ ಕನ್ನಡಕ ಬಂದಿದೆ. ಅದನ್ನು ಹಾಕಿಕೊಂಡರೆ ಅಕ್ಕಿಯಲ್ಲಿನ ಕಲ್ಲು ಆರಿಸುವಷ್ಟು ಕಾಣುತ್ತದೆ, ತೆಗೆದರೆ ದೀಪ ಒಂದಿದ್ದದ್ದು ಬಾಲ ಬಿಟ್ಟುಕೊಂಡು ಮೂರಾಗುತ್ತದೆ. ಆಪರೇಷನ್ ಆದ ಮೇಲೆ ಒಂದು ಸಂಜೆ ಮಾಳಿಗೆ ಹತ್ತಿ ಕೃತ್ತಿಕೆಯನ್ನು ಹುಡುಕಿದರಂತೆ. ಕಾಣಲಿಲ್ಲ. ಅಂದಿನಿಂದ ಕತ್ತಲಾದ ಮೇಲೆ ಮಾಳಿಗೆ ಹತ್ತುವುದನ್ನೇ ಬಿಟ್ಟರು ಎಂದು ಅವರ ಸೊಸೆ ಶೋಭಾ ಫೋನಿನಲ್ಲಿ ಹೇಳಿದ್ದಳು. ಬಳೆ ಬಿಟ್ಟು ದೂರದರ್ಶಕ ಕೇಳಿದ್ದು ಆ ಫೋನು ಬಂದ ವಾರದಲ್ಲಿ. ನನಗೆ ಆರು ಚುಕ್ಕಿ ಕೊಡಿಸಿದವರಿಗೆ ಅವರ ಚುಕ್ಕಿಗಳನ್ನು ವಾಪಸು ಕೊಡಿಸಲೇಬೇಕು ಎಂಬುದು ನನ್ನ ಹಟ.

ಸಂಕ್ರಾಂತಿಗೆ ಕಾರಿನ ಹಿಂದಿನ ಸೀಟಿನಲ್ಲಿ ಕೊಳವೆ ಮಲಗಿಸಿಕೊಂಡು ಮನೆಯವರ ಜೊತೆ ಹರಿಹರಕ್ಕೆ ಹೋದೆ. ಅತ್ತೆಯನ್ನು ಕೈಹಿಡಿದು ಮಾಳಿಗೆಗೆ ಹತ್ತಿಸಿ, ಕುರ್ಚಿ ಹಾಕಿ, ಹತ್ತರ ಐಪೀಸು ತೊಡಿಸಿ, ಕೃತ್ತಿಕೆಗೆ ಗುರಿ ಇಟ್ಟೆ. ಅತ್ತೆ ಬಗ್ಗಿದರು. ಕನ್ನಡಕ ಐಪೀಸಿಗೆ ಟಣ್ಣೆಂದು ತಾಗಿತು. ಏನೂ ಕಾಣಲಿಲ್ಲ. ನಾನು ಆಕಾಶ ನೋಡುವಾಗ ಯಾವತ್ತೂ ಕನ್ನಡಕ ತೆಗೆದಿಡುವವಳು, ಅತ್ತೆಯದನ್ನೂ ತೆಗೆಸಿದೆ. ಬರೀ ರೆಪ್ಪೆ ಕಾಣುತ್ತದೆ ಎಂದರು. ಗಾಜು ಹಿಂದೆ ಮುಂದೆ ಮಾಡಿದೆ. ಯಾವುದೋ ಬಾಲದ ಹುಳ ಕಾಣುತ್ತದೆ ಎಂದರು. ಇದು ಸಾಲದೆಂದು ನಾನು, ಮಹಾಜಾಣೆ, ನಾಲ್ಕನ್ನು ಹಾಕಿದೆ. ಅದರಲ್ಲಿ ಅವರಿಗೆ ಕತ್ತಲೆ ಮಾತ್ರ ಸಿಕ್ಕಿತು.

ಅತ್ತೆ ಸಮಾಧಾನವಾಗಿಯೇ ಕನ್ನಡಕ ಹಾಕಿಕೊಂಡರು.

‘ಸಾಕು ಬಿಡವ್ವ. ನನ್ನ ಪಾಲಿನ ಆಕಾಶ ಮುಗೀತು. ಇದನ್ನ ಹೊತ್ಕಂಡು ಮತ್ತೆ ಬರಬ್ಯಾಡ.’

ಸಿಟ್ಟಿನಿಂದ ಹೇಳಿದ್ದರೆ ನಾನೂ ಎರಡು ಮಾತಾಡುತ್ತಿದ್ದೆ. ಊಟ ಸಾಕು ಅನ್ನುವ ಹಾಗೆ ಹೇಳಿದರು. ವಾಪಸು ಬರುವಾಗ ಕಾರಿನಲ್ಲಿ ಮನೆಯವರು ಒಂದೂ ತಮಾಷೆ ಮಾಡಲಿಲ್ಲ, ಅದೇ ನನಗೆ ಹೆಚ್ಚು ಸಂಕಟವಾಯಿತು.

ಆದರೆ ನಾನು ಸೋಲು ಒಪ್ಪುವ ಜಾತಿಯವಳಲ್ಲ. ಕೆಲವು ದಿನಗಳ ನಂತರ ಅಂಗಡಿಗೆ ವಯಸ್ಸಾದ ಹೆಂಗಸೊಬ್ಬರು ಬಂದರು. ಹರವಿದ ಸೀರೆಗಳನ್ನೆಲ್ಲ ನಾನು ಅವರ ಮೂಗಿನ ಹತ್ತಿರ ಹಿಡಿದು ಅಂಚು ನೋಡಿ, ಬುಟ್ಟಾ ನೋಡಿ ಎನ್ನುತ್ತಿದ್ದೆ. ಅವರು ನನ್ನ ಕೈಯಿಂದ ಸೀರೆ ಕಸಿದುಕೊಂಡು, ಮಗಳ ಕೈಗೆ ಕೊಟ್ಟು ಬಾಗಿಲ ಹತ್ತಿರ ನಿಲ್ಲಿಸಿ, ದೂರದಿಂದ ನೋಡಿ ತಮಗೆ ಬೇಕಾದ್ದನ್ನು ಆರಿಸಿದರು. ಅವರ ಕಣ್ಣಿಗೆ ಅಷ್ಟು ದೂರ ಬೇಕಿತ್ತು. ದುಡ್ಡು ತೆಗೆದುಕೊಳ್ಳಲು ಗಲ್ಲಾಪೆಟ್ಟಿಗೆಯ ಹಿಂದೆ ಬಂದು ಕೂತ ನನಗೆ ಥಟ್ಟನೆ ಹೊಳೆಯಿತು: ನಾನು ಬೇರೆಯವರ ಕುಪ್ಪಸಕ್ಕೆ ನನ್ನ ಅಳತೆ ಕೊಟ್ಟಿದ್ದೇನೆ. ನನ್ನದು ಬರೀ ದೂರದ ನೋಟದ ತೊಂದರೆ. ಕನ್ನಡಕ ತೆಗೆದರೂ ಗಾಜು ಹಿಂದೆ ಮುಂದೆ ಮಾಡಿ ಸರಿಪಡಿಸಿಕೊಳ್ಳಬಹುದು. ಚುಕ್ಕಿಗೆ ಬಾಲ ಹಚ್ಚುವ ಅತ್ತೆಯ ಕಣ್ಣಿನ ಡೊಂಕು ಹಾಗೆ ಸರಿಹೋಗುವಂಥದ್ದಲ್ಲ. ಅವರಿಗೆ ಕನ್ನಡಕ ಇದ್ದ ಹಾಗೇ ನೋಡಲು ಬರುವ ಐಪೀಸು ಬೇಕು.

ಅಂದು ಸಂಜೆಯೇ ಮಾಳಿಗೆ ಹತ್ತಿ, ಮೊದಲ ಸಲ ಕನ್ನಡಕ ತೆಗೆಯದೆ, ಒಂದೊಂದಾಗಿ ಐಪೀಸು ಹಾಕಿ ನೋಡಿದೆ. ನಾಲ್ಕು, ಕತ್ತಲೆ. ಹತ್ತು, ಸೂಜಿಕಣ್ಣಿನಷ್ಟು ಬೆಳಕು. ಇಪ್ಪತ್ತೈದು ಪರವಾಗಿಲ್ಲ, ಅಂಚು ಮಾತ್ರ ಕತ್ತರಿಸುತ್ತಿತ್ತು. ಅಂಕಿ ಏರಿದಷ್ಟೂ ಕಣ್ಣನ್ನು ಗಾಜಿನಿಂದ ದೂರ ಇಟ್ಟರೂ ನಡೆಯುತ್ತದೆ ಎಂದಾದರೆ, ಇದಕ್ಕಿಂತ ಮೇಲೆ ಇನ್ನೊಂದು ಇರಬೇಕಲ್ಲ. ನಾನು ಕೆಳಗೆ ಓಡಿ ಅಡುಗೆಮನೆಗೆ ನುಗ್ಗಿದ್ದನ್ನು ನೋಡಿ, ಒಲೆಯ ಮೇಲೆ ಏನೋ ಇಟ್ಟು ಮರೆತಿದ್ದಾಳೆಂದು ಮನೆಯವರೂ ಹಿಂದೆಯೇ ಓಡಿಬಂದರು. ನಾನು ಏಲಕ್ಕಿ ಡಬ್ಬಿ ಎತ್ತಿಕೊಂಡು ವಾಪಸು ಮೇಲೆ ಹೋದೆ.

ನಲವತ್ತು ಹಾಕಿ, ಕನ್ನಡಕದ ಸಮೇತ, ಆರಾಮವಾಗಿ ಬಗ್ಗಿದೆ. ಇಡೀ ಕೃತ್ತಿಕೆ ತುಂಬಿದ ತಟ್ಟೆಯ ಹಾಗೆ ಎದುರಿಗಿತ್ತು. ಹತ್ತರಲ್ಲಿ ಒಂದೆರಡು ಚುಕ್ಕಿ ಮಾತ್ರ ಹಿಡಿಯುತ್ತಿದ್ದ ಜಾಗದಲ್ಲಿ ಇದು ಗೊಂಚಲನ್ನು ಗೊಂಚಲಾಗಿಯೇ ತಂದುಕೊಟ್ಟಿತ್ತು. ಅಪ್ಪನ ಪಾಠ ಪೂರ್ತಿ ಸುಳ್ಳಲ್ಲ ಎಂದು ಮನೆಯವರಿಗೆ ಹೇಳಿದೆ. ನಾನು ಆರಿಸಿದ್ದು ಸರಿಯಾಗಿಯೇ ಇತ್ತು, ಯಾರಿಗಾಗಿ ಎಂಬುದಷ್ಟೇ ತಡವಾಗಿ ತಿಳಿಯಿತು ಎಂದೂ ಸೇರಿಸಿದೆ. ಅವರು ಕೈ ಮುಗಿದರು.

ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಹೋಗುತ್ತದೆ ಎನ್ನುತ್ತಾರೆ. ಅದು ಹೊರಟು ನಿಂತ ಸಂಜೆ, ಚಂದ್ರನಿಲ್ಲದ ಆಕಾಶ, ನಾನು ಮತ್ತೆ ಹರಿಹರದಲ್ಲಿದ್ದೆ. ಹೊತ್ತು ತರಬೇಡ ಎಂದಿದ್ದರಲ್ಲ, ಅದಕ್ಕೆ ಕೊಳವೆಗೆ ಜಮಖಾನ ಸುತ್ತಿ, ಅತ್ತೆ ದೇವರ ಮನೆಯಲ್ಲಿರುವಾಗ ನಾನೂ ಶೋಭಾಳೂ ಸದ್ದಿಲ್ಲದೆ ಮೆಟ್ಟಿಲು ಹತ್ತಿಸಿದೆವು. ಇಳಿದುಬಂದರೆ ಅತ್ತೆ ಹಣೆಯ ತುಂಬ ವಿಭೂತಿ ಧರಿಸಿಕೊಂಡು ನಡುಮನೆಯಲ್ಲಿ ಕೂತಿದ್ದಾರೆ.

‘ಜಮಖಾನ ಸುತ್ತಿದ್ರೆ ನಂಗೆ ತಿಳಿಯಲ್ಲ ಅಂದ್ಕಂಡೆಯಾ? ಮಂದ ಆಗಿರೋದು ಕಣ್ಣು, ತಲೆ ಅಲ್ಲ.’

‘ಒಂದೇ ಸಲ ಬರ್ರಿ ಅತ್ತೆ. ಈ ಸಲ ಕನ್ನಡಕ ತೆಗೆಯೋದು ಬ್ಯಾಡ’ ಎಂದೆ.

ಅವರು ನನ್ನ ಮುಖವನ್ನೇ ನೋಡಿದರು. ಕನ್ನಡಕ ತೆಗೆಯಬೇಕಾಗಿಲ್ಲ ಎಂದದ್ದು ಅವರಿಗೆ ಹಿಡಿಸಿತೋ, ಅಥವಾ ಉಪವಾಸದ ದಿನ ಯಾರ ಮನಸ್ಸನ್ನೂ ನೋಯಿಸಬಾರದೆಂದುಕೊಂಡರೋ, ಶೋಭಾಳ ಭುಜ ಹಿಡಿದು ಎದ್ದರು. ಮೆಟ್ಟಿಲಲ್ಲಿ ಎರಡು ಕಡೆ ನಿಂತು ಉಸಿರು ತೆಗೆದುಕೊಂಡರು. ಇವತ್ತೂ ಕಾಣದಿದ್ದರೆ ಅವರನ್ನು ಮತ್ತೆ ಈ ಮೆಟ್ಟಿಲು ಹತ್ತಿಸಲು ನನಗೆ ಬಾಯಿ ಬರುವುದಿಲ್ಲ ಎಂದು ಗೊತ್ತಿತ್ತು.

ಮೊದಲು ನಾನು ನೋಡಿ, ಗೊಂಚಲನ್ನು ನಡುವಿಗೆ ತಂದು, ಸರಿದು ನಿಂತೆ. ಅತ್ತೆ ಕುರ್ಚಿಯಲ್ಲಿ ಕೂತು ಬಗ್ಗಿದರು. ಟಣ್ಣೆನ್ನುವ ಸದ್ದು ಬರಲಿಲ್ಲ.

‘ಏಲಕ್ಕಿ ವಾಸನೆ ಬರ್ತೈತಲ್ಲ’ ಎಂದರು.

ಕೆಳಗೆ ಬೀದಿಯಲ್ಲಿ ಯಾರೋ ಸ್ಕೂಟರ್ ನಿಲ್ಲಿಸಿದರು, ಗುಡಿಯ ಕಡೆಯಿಂದ ಗಂಟೆಯ ಸದ್ದು ಬಂತು. ಅತ್ತೆ ಅಲುಗಲಿಲ್ಲ. ಚುಕ್ಕಿಗಳು ಅಂಚಿಗೆ ಸರಿದಿರಬೇಕೆಂದು ನಾನು ಕೊಳವೆಯನ್ನು ಕೂದಲೆಳೆಯಷ್ಟು ತಳ್ಳಿದೆ. ಕಾಣುತ್ತಿದೆಯೋ ಇಲ್ಲವೋ, ಸುಮ್ಮನೆ ನನ್ನ ಸಮಾಧಾನಕ್ಕೆ ಬಗ್ಗಿದ್ದಾರೋ ಎಂದು ಶೋಭಾ ನನ್ನ ಮುಖ ನೋಡಿದಳು. ನನಗೂ ತಡೆಯಲಾಗಲಿಲ್ಲ. ನನ್ನನ್ನು ಅವರು ಇದೇ ಮಾಳಿಗೆಯ ಮೇಲೆ ಕೇಳಿದ್ದ ಪ್ರಶ್ನೆಯನ್ನೇ ಕೇಳಿದೆ.

‘ಎಷ್ಟು ಕಾಣ್ತಾವೆ ಅತ್ತೆ?’

ಅವರ ಬಲಗೈ ತೊಡೆಯ ಮೇಲಿತ್ತು. ತೋರುಬೆರಳು ಸೀರೆಯ ಮೇಲೆ ಒಂದೊಂದೇ ಜಾಗ ಬಿಟ್ಟು ಮುಂದೆ ಮುಂದೆ ಹೋಗುತ್ತಿತ್ತು, ಆರು ದಾಟಿ, ಏಳು ದಾಟಿ, ಇನ್ನೂ ಹೋಗುತ್ತಲೇ ಇತ್ತು. ನನ್ನ ಮಾತು ಕೇಳಿ ಅದು ಅಲ್ಲೇ ನಿಂತಿತು. ಅತ್ತೆ ತಲೆ ಎತ್ತಲಿಲ್ಲ.

‘ಮಾತಾಡಿಸಬ್ಯಾಡ’ ಎಂದರು. ‘ಲೆಕ್ಕ ತಪ್ಪತೈತೆ.’